ಆರು ಐವತ್ತಕ್ಕೆ ಬಿದ್ದವಳು

ನಾನು ಬ್ಯಾಂಕಿನ ಒಡತಿ. ಬೆಳಿಗ್ಗೆ ಆರಕ್ಕೆ ಹೋಗಿ ಅದರ ಕಕ್ಕಸು ತೊಳೆಯುತ್ತಿದ್ದೆ.

ಎರಡೂ ನಿಜ. ಒಡತಿ ಎಂದು ನಾನಾಗಿ ಹೇಳಿಕೊಂಡದ್ದಲ್ಲ, ಬ್ಯಾಂಕಿನವರೇ ಹೇಳುತ್ತಿದ್ದರು. ವರ್ಷಕ್ಕೊಂದು ಬಣ್ಣದ ಕಾಗದ ಮನೆಗೆ ಬರುತ್ತಿತ್ತು. ‘ಪ್ರಿಯ ಸದಸ್ಯರೇ, ಈ ಬ್ಯಾಂಕಿನ ಒಡೆಯರು ನೀವೇ.’ ಅದೇ ಕಾಗದದ ಕಟ್ಟು ಬ್ಯಾಂಕಿನ ಕಸದ ಬುಟ್ಟಿಯಲ್ಲೂ ಇರುತ್ತಿತ್ತು. ಮನೆಗೆ ಬಂದದ್ದನ್ನು ಓದುತ್ತಿದ್ದೆ. ಬುಟ್ಟಿಯಲ್ಲಿದ್ದದ್ದನ್ನು ಹೊರಗೆ ಸುರಿಯುತ್ತಿದ್ದೆ.

ನಮ್ಮ ಪೋರ್ಕೆಲ್ ಬಂದರಿನಲ್ಲಿ ಸಾರ್ಡಿನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಿದ್ದ ಕಾಲದಲ್ಲಿ ನನ್ನ ಅವ್ವ ಒಂದು ಷೇರು ತೆಗೆದುಕೊಂಡಿದ್ದಳು. ಬಂದರಿನ ಹೆಂಗಸರೆಲ್ಲ ಒಂದೊಂದು ತೆಗೆದುಕೊಂಡಿದ್ದರು. ಅವ್ವ ಸತ್ತ ಮೇಲೆ ಅದು ನನಗೆ ಬಂತು. ಸಹಕಾರಿ ಬ್ಯಾಂಕು. ಒಬ್ಬರಿಗೆ ಒಂದೇ ಮತ. ಮೂರು ಸಾವಿರ ಹಂದಿ ಸಾಕಿದ ಗೋನಿಡೆಕ್‌ಗೂ ಒಂದು ಮತ, ಒಂದು ಬೆಕ್ಕು ಸಾಕಿದ ನನಗೂ ಒಂದು ಮತ. ಕೇಳುವುದಕ್ಕೆ ಎಷ್ಟು ಚೆಂದ. ಗೋನಿಡೆಕ್ ಅಲ್ಲಿ ಅಧ್ಯಕ್ಷ. ನಾನು ಅವನ ಕುರ್ಚಿಯ ಕೆಳಗೆ ಉದುರಿದ ಬಿಸ್ಕತ್ತಿನ ಪುಡಿ ಗುಡಿಸುವವಳು.

ಸಂಬಳ ಕೊಡುವವರು ಬೇರೆ. ಬ್ಯಾಂಕು ನಮ್ಮನ್ನು ಇಟ್ಟುಕೊಂಡಿರಲಿಲ್ಲ. ಒಂದು ಗುತ್ತಿಗೆ ಕಂಪನಿ ಇಟ್ಟುಕೊಂಡಿತ್ತು. ಬ್ಯಾಂಕು ಆ ಕಂಪನಿಯಿಂದ ಶುಚಿಯನ್ನು ಕೊಳ್ಳುತ್ತಿತ್ತು, ಅಂಗಡಿಯಿಂದ ಸೋಪು ಕೊಂಡ ಹಾಗೆ. ಸೋಪು ಸವೆದರೆ ಯಾರು ಕೇಳುತ್ತಾರೆ?

ನಾನು ಮತ್ತು ಅನಿಕ್ ಇಬ್ಬರು. ಕೆಳ ಅಂತಸ್ತು, ಕೌಂಟರು, ಕಕ್ಕಸು ನನ್ನದು. ಮೇಲಿನ ಎರಡು ಅಂತಸ್ತು ಮತ್ತು ಮೆಟ್ಟಿಲು ಅವಳದು. ಮೊದಲು ಎರಡು ಗಂಟೆ ಕೊಡುತ್ತಿದ್ದರು. ಒಂದು ವರ್ಷ ಹೊಸ ಗುತ್ತಿಗೆ ಬಂತು. ಎರಡು ಗಂಟೆ ಹೋಗಿ ನಲವತ್ತು ನಿಮಿಷ ಆಯಿತು. ಆರಕ್ಕೆ ಶುರು, ಆರು ನಲವತ್ತಕ್ಕೆ ಮುಕ್ತಾಯ. ಮೆಟ್ಟಿಲು ಮಾತ್ರ ಒಂದೂ ಕಡಿಮೆಯಾಗಲಿಲ್ಲ. ಐವತ್ತೆರಡು ಇದ್ದವು, ಐವತ್ತೆರಡೇ ಉಳಿದವು.

ನೀರು ತುಂಬಿದ ಬಕೆಟ್ ಎತ್ತಿ ಮೂರು ಮೆಟ್ಟಿಲು ಇಳಿಯಬೇಕು, ಇಡಬೇಕು, ಬಗ್ಗಬೇಕು, ಒರೆಸಬೇಕು, ಹಿಂಡಬೇಕು, ಮತ್ತೆ ಎತ್ತಬೇಕು. ಅನಿಕ್‌ಗೆ ಆಗ ಐವತ್ತೊಂಬತ್ತು. ಅವಳ ಬಲ ಭುಜ ಮೊದಲೇ ಸೋತಿತ್ತು. ಬಟ್ಟೆ ಹಿಂಡುವಾಗ ಹಲ್ಲು ಕಚ್ಚುತ್ತಿದ್ದಳು. ಆ ಸದ್ದು ನನಗೆ ಕೆಳಗಿನವರೆಗೂ ಕೇಳುತ್ತಿತ್ತು.

“ಬಿಟ್ಟು ಬಾರೇ, ಟೈಮಾಯ್ತು,” ಎಂದು ಕೂಗುತ್ತಿದ್ದೆ.

“ಬಿಟ್ರೆ ಆ ಮ್ಯಾನೇಜರ್ ಫೋಟೋ ತೆಗೆದು ಕಂಪನಿಗೆ ಕಳಿಸ್ತಾನೆ. ಹೋದ ವಾರ ಒಂದು ಕೂದಲಿನ ಫೋಟೋ ಕಳಿಸಿದ್ದ. ಒಂದು ಕೂದಲು ಕಣೆ ಟೀನ್! ಅದೂ ಅವನದೇ.”

ನನಗೆ ಆರು ನಲವತ್ತೈದಕ್ಕೆ ಬಸ್ಸು. ಏಳಕ್ಕೆ ಇನ್ನೊಂದು ಕಡೆ ಕೆಲಸ. ನಾನು ಹೋಗುತ್ತಿದ್ದೆ. ಅವಳು ಉಳಿದು ಮುಗಿಸುತ್ತಿದ್ದಳು. ದಿನಾ ಹಾಗೇ. ಕಂಪನಿಗೆ ಗೊತ್ತಿತ್ತು. ಬ್ಯಾಂಕಿಗೂ ಗೊತ್ತಿತ್ತು. ನಲವತ್ತು ನಿಮಿಷದಲ್ಲಿ ಐವತ್ತೆರಡು ಮೆಟ್ಟಿಲು, ಎರಡು ಅಂತಸ್ತು ಹೊಳೆಯುವುದಿಲ್ಲ ಎಂಬುದು ಮೆಟ್ಟಿಲು ಹತ್ತಿದ ಯಾರಿಗಾದರೂ ಗೊತ್ತು. ಗೊತ್ತಿಲ್ಲದ ಹಾಗೆ ಹತ್ತುತ್ತಿದ್ದರು.

ನವೆಂಬರ್ ಒಂಬತ್ತರಂದು ಅವಳು ಬಿದ್ದಳು. ಹೊತ್ತು ಆರು ಐವತ್ತು. ಬಕೆಟ್ ಸಮೇತ ಹನ್ನೊಂದು ಮೆಟ್ಟಿಲು ಉರುಳಿದಳು. ಭುಜದ ಮೂಳೆ ಮುರಿಯಿತು, ಒಳಗಿನ ನರವೂ ಹರಿಯಿತು. ಕೊಳೆನೀರಿನಲ್ಲಿ ನೆನೆದು ಬಿದ್ದಿದ್ದಳು. ಎಂಟೂಕಾಲಿಗೆ ಕೌಂಟರಿನ ಹುಡುಗಿ ಬಂದು ನೋಡಿದಾಗ ತುಟಿ ನೀಲಿಯಾಗಿತ್ತು. ಅಷ್ಟು ಹೊತ್ತೂ ಮೆಟ್ಟಿಲ ತುದಿಯ ಕ್ಯಾಮೆರಾ ಅವಳನ್ನು ನೋಡುತ್ತಲೇ ಇತ್ತು. ಅದು ಕಳ್ಳರನ್ನು ನೋಡುವುದಕ್ಕೆ ಇಟ್ಟದ್ದು. ಅವಳು ಕಳ್ಳಿಯಾಗಿದ್ದರೆ ಐದು ನಿಮಿಷಕ್ಕೆ ಯಾರಾದರೂ ಓಡಿ ಬರುತ್ತಿದ್ದರು.

ಎರಡು ವಾರಕ್ಕೆ ಕಂಪನಿಯ ಕಾಗದ ಬಂತು. ಅನಿಕ್ ಆಸ್ಪತ್ರೆಯ ಮಂಚದಲ್ಲಿದ್ದಳು. ನಾನು ಓದಿ ಹೇಳಿದೆ. ‘ಕೆಲಸದ ವೇಳೆ ಆರು ನಲವತ್ತಕ್ಕೆ ಮುಗಿದಿದೆ. ಆನಂತರ ನೀವು ಕಟ್ಟಡದಲ್ಲಿ ಇದ್ದದ್ದು ಸ್ವಂತ ಕಾರಣಕ್ಕೆ. ಇದನ್ನು ಕೆಲಸದ ಅಪಘಾತ ಎಂದು ಪರಿಗಣಿಸಲಾಗದು.’

ಅನಿಕ್ ಎಡಗೈಯಿಂದ ಕಾಗದ ಎಳೆದುಕೊಂಡು ನೋಡಿದಳು.

“ಸ್ವಂತ ಕಾರಣ ಅಂದ್ರೆ ಏನೇ?”

“ನಿಂಗೆ ಬ್ಯಾಂಕಿನ ಮೆಟ್ಟಿಲು ಒರೆಸೋ ಚಟ ಅಂತ.”

“ಬೇರೆಯವ್ರಿಗೆ ಕುಡಿಯೋ ಚಟ ಇರತ್ತಲ್ಲ, ಹಂಗಾ?”

“ಹಂಗೇ. ನಿಂದು ಸ್ವಲ್ಪ ಜಾಸ್ತಿ ಆಗಿದೆ.”

ನಕ್ಕಳು. ನಕ್ಕರೆ ಭುಜ ನೋಯುತ್ತದೆ ಎಂದು ಬೈದಳು. ಅದೇ ಟಪಾಲಿನಲ್ಲಿ ಬ್ಯಾಂಕಿನದೂ ಒಂದು ಕಾಗದ ಇತ್ತು. ಅವಳೂ ಸದಸ್ಯೆಯಲ್ಲವೇ. ‘ಬದುಕಿನಲ್ಲಿ ಅಪಘಾತ ಹೇಳಿ ಬರುವುದಿಲ್ಲ, ಪ್ರಿಯ ಸದಸ್ಯರೇ. ನಮ್ಮ ಅಪಘಾತ ವಿಮೆ ಇಂದೇ ಮಾಡಿಸಿ.’ ಕಾಗದದಲ್ಲಿ ಒಬ್ಬ ಹೆಂಗಸು ಏಣಿಯ ಮೇಲೆ ನಿಂತು ನಗುತ್ತಿದ್ದಳು. ಆ ಬ್ಯಾಂಕಿನಲ್ಲಿ ಎಲ್ಲ ಸಿಗುತ್ತದೆ. ಮನೆ ಸಾಲ, ದೋಣಿ ಸಾಲ, ಟೆಲಿಫೋನು, ಕಳ್ಳರನ್ನು ಹಿಡಿಯುವ ಗಂಟೆ, ಸತ್ತರೆ ಪೆಟ್ಟಿಗೆಯ ಏರ್ಪಾಡು. ಬಿದ್ದವಳನ್ನು ಬಿದ್ದಳು ಎನ್ನುವ ಒಂದು ಸಾಲು ಮಾತ್ರ ಅಲ್ಲಿ ಸಿಗುವುದಿಲ್ಲ.

ಬೇಕಾಗಿದ್ದದ್ದು ಆ ಒಂದು ಸಾಲೇ. ಸರಕಾರದ ಆರೋಗ್ಯ ಕಚೇರಿಯವಳು ಸ್ಪಷ್ಟವಾಗಿ ಹೇಳಿದಳು. “ಆರು ಐವತ್ತಕ್ಕೆ ಅವರು ಕೆಲಸ ಮಾಡ್ತಾ ಇದ್ರು ಅಂತ ನೋಡಿದವರು ಒಬ್ಬರು ಬರೆದು ಕೊಡಲಿ ಸಾಕು. ಚಿಕಿತ್ಸೆ, ಸಂಬಳ, ಕೈ ಸರಿಹೋಗದಿದ್ರೆ ಜೀವನಪರ್ಯಂತ ಪರಿಹಾರ, ಎಲ್ಲ ಆಗತ್ತೆ. ಇಲ್ಲಾಂದ್ರೆ ಅರ್ಧ ಸಂಬಳ, ಅದೂ ಸ್ವಲ್ಪ ದಿನ.” ಪಿಂಚಣಿಗೆ ಅನಿಕ್‌ಗೆ ಇನ್ನೂ ಮೂರು ವರ್ಷ ಇತ್ತು. ನೋಡಿದವರು ಯಾರು? ಕ್ಯಾಮೆರಾ. ಕ್ಯಾಮೆರಾದಲ್ಲಿ ನೋಡಿದವನು ಮ್ಯಾನೇಜರ್. ಅವನೇ ಕೌಂಟರಿನ ಹುಡುಗಿಗೆ ಹೇಳಿದ್ದ, “ಅಬ್ಬಾ, ಕೈಯಲ್ಲಿ ಮಾಪ್ ಹಿಡಿದೇ ಉರುಳಿದ್ದಾರೆ” ಎಂದು.

ಮ್ಯಾನೇಜರ್ ಹೆಸರು ಬರ್ತೆಲೋ. ನಯವಾದ ಮನುಷ್ಯ. ಬೈಯುವುದಿಲ್ಲ. ನಾನು ಕೇಳಲು ಹೋದಾಗ ಕುರ್ಚಿ ಕೂಡ ತೋರಿಸಿದ. ನಾನು ಇಪ್ಪತ್ತಮೂರು ವರ್ಷದಿಂದ ಒರೆಸುತ್ತಿದ್ದ ಕುರ್ಚಿ. ಅವತ್ತೇ ಮೊದಲು ಕೂತೆ.

“ನಂಗೂ ತುಂಬಾ ಬೇಜಾರಾಯ್ತು ಮದಾಮ್ ಟೀನ್. ಆದ್ರೆ ನನ್ನ ಕೈಲಿ ಇಲ್ಲ. ಪ್ರಾಂತ್ಯದ ಬ್ಯಾಂಕಿನ ಕಾನೂನು ವಿಭಾಗ ಒಪ್ಪಬೇಕು.”

ಬಸ್ಸು ಹಿಡಿದು ಪ್ರಾಂತ್ಯದ ಬ್ಯಾಂಕಿಗೆ ಹೋದೆ. ಗಾಜಿನ ಕಟ್ಟಡ. ಒಳಗೆ ಹೋದ ಕೂಡಲೇ ನನ್ನ ಕಣ್ಣು ಗಾಜು ಲೆಕ್ಕ ಹಾಕಿತು, ಪಾಪ ಯಾರು ಒರೆಸುತ್ತಾರೋ ಎಂದು. ಕಾನೂನು ವಿಭಾಗದವಳು ಹೇಳಿದಳು: “ಕ್ಯಾಮೆರಾ ನಮ್ಮದಲ್ಲ ಮದಾಮ್. ನಮ್ಮ ಸಮೂಹದ ಕಾವಲು ಕಂಪನಿ ಇದೆ, ಪ್ಯಾರಿಸ್‌ನಲ್ಲಿ. ಅವರನ್ನ ಕೇಳಿ.”

ಪ್ಯಾರಿಸ್‌ಗೆ ಫೋನು ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದರು. ಆಮೇಲೆ ಒಬ್ಬ ಹುಡುಗ ಬಂದ.

“ನಾವು ಬರೀ ಸೇವೆ ಕೊಡೋರು. ಚಿತ್ರದ ಹಕ್ಕು ಪ್ರಾಂತ್ಯದ ಬ್ಯಾಂಕಿನದು.”

“ಅವ್ರು ನಿಮ್ಮನ್ನ ಕೇಳು ಅಂದ್ರು.”

“ನಮ್ಮ ಒಡೆಯರೇ ಅವರು ಮದಾಮ್. ಪ್ಯಾರಿಸ್ ಕೇಂದ್ರದ ಒಡೆಯರು ಪ್ರಾಂತ್ಯದ ಬ್ಯಾಂಕುಗಳು.”

“ಪ್ರಾಂತ್ಯದ ಬ್ಯಾಂಕಿಗೆ ಒಡೆಯರು ಯಾರು?”

“ಊರೂರಿನ ಬ್ಯಾಂಕುಗಳು.”

“ಊರಿನ ಬ್ಯಾಂಕಿಗೆ?”

“ಸದಸ್ಯರು.” ಅವನ ದನಿಯಲ್ಲಿ ಒಂದು ಹೆಮ್ಮೆ ಬಂತು. “ಅದೇ ನಮ್ಮ ವಿಶೇಷ. ನೀವು ಸದಸ್ಯರಾ ಮದಾಮ್?”

“ಹೌದು.”

“ಹಾಗಾದ್ರೆ ಕೊನೆಯ ತೀರ್ಮಾನ ನಿಮ್ಮದೇ!”

ಫೋನು ಇಟ್ಟೆ. ಅನಿಕ್‌ಗೆ ಕಾಗದ ಕೊಡದವರು ಯಾರು ಎಂದು ಬಾಗಿಲು ಬಾಗಿಲು ಬಡಿದು ಬಂದರೆ, ಕೊನೆಗೆ ಕಳ್ಳಿ ನಾನೇ ಅಂತಾಯಿತು.

ಸರಿ. ತೀರ್ಮಾನ ನನ್ನದಾದರೆ ತೀರ್ಮಾನ ಮಾಡೋಣ.

ಸದಸ್ಯರಿಗೆ ಕೊಡುವ ಬೈಲಾ ಪುಸ್ತಕ ಅವ್ವನ ಕಾಲದ್ದು ಮನೆಯಲ್ಲಿತ್ತು. ಹೊಸದನ್ನು ಕೌಂಟರಿನಿಂದ ಕೇಳಿ ತಂದೆ. ಹತ್ತು ವರ್ಷಕ್ಕೆ ಶಾಲೆ ಬಿಟ್ಟು ಮೀನಿನ ತಲೆ ಕತ್ತರಿಸಲು ಹೋದವಳು ನಾನು. ಐವತ್ತು ದಾಟಿದ ಮೇಲೆ ಪುರಸಭೆಯ ರಾತ್ರಿ ಶಾಲೆಯಲ್ಲಿ ಸರಿಯಾಗಿ ಓದಲು ಕಲಿತೆ. ತಡವಾಗಿ ಕಲಿತವರಿಗೆ ಒಂದು ಕೆಟ್ಟ ಅಭ್ಯಾಸ ಇರುತ್ತದೆ, ಎಲ್ಲವನ್ನೂ ಓದುತ್ತೇವೆ. ಮೂವತ್ತೊಂದು ಪುಟ, ಸಣ್ಣ ಅಕ್ಷರ. ಎಲ್ಲ ಓದಿದೆ. ಹದಿನೇಳನೆಯ ಕಲಮಿನಲ್ಲಿ ಇತ್ತು: ಆಡಳಿತ ಮಂಡಳಿಗೆ ಯಾವ ಸದಸ್ಯರಾದರೂ ನಿಲ್ಲಬಹುದು. ಮಹಾಸಭೆಗೆ ಮೂವತ್ತು ದಿನ ಮೊದಲು ಅಧ್ಯಕ್ಷರಿಗೆ ರಿಜಿಸ್ಟರ್ ಟಪಾಲು ಕಳಿಸಬೇಕು.

ಯಾರೂ ಹಾಗೆ ನಿಂತದ್ದಿಲ್ಲ. ಮಂಡಳಿಯವರು ತಮ್ಮವರನ್ನೇ ಕರೆದು ತರುತ್ತಾರೆ. ಹಂದಿಯವನು ಕೋಳಿಯವನನ್ನು, ಕೋಳಿಯವನು ಟ್ರ್ಯಾಕ್ಟರ್ ಮಾರುವವನನ್ನು. ಸಭೆ ಕೈಯೆತ್ತುತ್ತದೆ. ಕೈ ಎತ್ತುವುದೂ ಇಲ್ಲ ನಿಜ ಹೇಳಬೇಕೆಂದರೆ. ಅಧ್ಯಕ್ಷ ಒಂದೇ ಉಸಿರಿನಲ್ಲಿ ಕೇಳುತ್ತಾನೆ, ‘ವಿರೋಧ ಇದೆಯೆ ತಟಸ್ಥ ಇದ್ದೀರಾ ಸರ್ವಾನುಮತ.’

ನಾನು ಬರೆದೆ. ಪೂರ್ತಿ ಹೆಸರು ಬರೆದೆ: ಕೊರಂಟೀನ್ ಮಾರಿ ಕೆಮೆನೂರ್. ಅನುಭವ ಎಂಬ ಕಡೆ ‘ಇಪ್ಪತ್ತಮೂರು ವರ್ಷ ಬ್ಯಾಂಕಿನಲ್ಲಿ ದುಡಿಮೆ’ ಎಂದು ಬರೆದೆ. ಸುಳ್ಳು ಒಂದಕ್ಷರ ಇಲ್ಲ.

ಆಮೇಲೆ ನಡೆದದ್ದು ನನಗೆ ತಿಂಗಳುಗಳ ನಂತರ ಗೊತ್ತಾಯಿತು. ಮಂಡಳಿಯಲ್ಲಿ ಒಬ್ಬ ನೋಟರಿ ಸತ್ತು ಜಾಗ ಖಾಲಿಯಿತ್ತು. ಯಾರೂ ಸಿಕ್ಕಿರಲಿಲ್ಲ. ನನ್ನ ಪತ್ರ ಬಂತು. ಗುಮಾಸ್ತೆ ಅದನ್ನು ಅಧ್ಯಕ್ಷರು ಹುಡುಕಿದ ಹೆಸರು ಅಂದುಕೊಂಡು ಟೈಪು ಮಾಡಿದಳು. ಅಧ್ಯಕ್ಷ ಅದನ್ನು ಮ್ಯಾನೇಜರ್ ಹುಡುಕಿದ್ದು ಅಂದುಕೊಂಡ. ಮ್ಯಾನೇಜರ್, ಪ್ರಾಂತ್ಯದ ಬ್ಯಾಂಕಿನವರು ಮೇಲಿನಿಂದ ಕಳಿಸಿದ್ದು ಅಂದುಕೊಂಡ. ಮೇಲಿನವರು ಕಳಿಸಿದ್ದನ್ನು ಪ್ರಶ್ನಿಸುವುದು ಮರ್ಯಾದೆಯಲ್ಲ. ಇಪ್ಪತ್ತಮೂರು ವರ್ಷ ದುಡಿದ ಬ್ಯಾಂಕಿನ ಹೆಂಗಸು ಅಂದರೆ ದೊಡ್ಡ ಕಚೇರಿಯಿಂದ ನಿವೃತ್ತಳಾದವಳು ಇರಬೇಕು ಎಂದು ಇಬ್ಬರೂ ಮಾತಾಡಿಕೊಂಡರಂತೆ. ಆ ಹೊತ್ತಿನಲ್ಲಿ ನಾನು ಪಕ್ಕದ ಕೋಣೆಯ ಕಸ ಎತ್ತುತ್ತಿದ್ದೆನೋ ಏನೋ. ನಾನು ಅವರಿಗೆ ಟೀನ್. ಟೀನ್‌ಗೆ ಒಂದು ಮನೆತನದ ಹೆಸರು ಇರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಮಾರ್ಚ್ ತಿಂಗಳ ಒಂದು ಶನಿವಾರ ಮಹಾಸಭೆ, ಊರಿನ ದೊಡ್ಡ ಭವನದಲ್ಲಿ. ಅವತ್ತು ನಮ್ಮ ಕಂಪನಿ ನನ್ನನ್ನೇ ಅಲ್ಲಿನ ಕಕ್ಕಸು ನೋಡಿಕೊಳ್ಳಲು ಹಾಕಿತ್ತು, ಎರಡರಿಂದ ಐದರವರೆಗೆ. ಸಭೆ ಐದೂವರೆಗೆ. ಬಟ್ಟೆ ಬದಲಿಸಲು ಮನೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಕೈ ತೊಳೆದು, ಕೆಲಸದ ನೀಲಿ ಅಂಗಿಯಲ್ಲೇ ಮುಂಬಾಗಿಲಿಗೆ ಬಂದೆ.

ಬಾಗಿಲಲ್ಲಿ ಮತದ ಹಳದಿ ಚೀಟಿ ಕೊಡುವ ಹುಡುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಕೆಲಸದವರು ಹಿಂದಿನ ಬಾಗಿಲಿಂದ, ಮದಾಮ್.”

“ನಾನು ಸದಸ್ಯೆ.”

“ಅಲ್ಲ, ಇದು ಬ್ಯಾಂಕಿನ ಸದಸ್ಯರಿಗೆ.”

“ನಂಗೂ ಅದೇ ಗೊತ್ತಿರೋದು. ಕಾಗದ ನೋಡು. ಈ ಬ್ಯಾಂಕಿನ ಒಡೆಯರು ನೀವೇ ಅಂತ ಬರೆದಿದೆ. ಒಡೆಯರು ಹಿಂದಿನ ಬಾಗಿಲಿಂದ ಬರ್ತಾರಾ?”

ಹಿಂದೆ ಸಾಲಿನಲ್ಲಿದ್ದ ಮುದುಕಿ ಮರ್ಸೆಲಿನ್ ಕೋಲಿನಿಂದ ನೆಲ ಕುಟ್ಟಿದಳು. ಎಂಬತ್ತನಾಲ್ಕು ವರ್ಷದವಳು, ಅವ್ವನ ಜೊತೆ ಡಬ್ಬಿ ತುಂಬಿದವಳು. “ಬೇಗ ಕೊಡೇ ಹುಡುಗಿ. ಹಸಿವಾಗ್ತಿದೆ.”

ನಿಜ ಹೇಳುತ್ತೇನೆ. ಬಂದರಿನವರು ಯಾರೂ ಆ ಸಭೆಗೆ ಲೆಕ್ಕಪತ್ರ ಕೇಳಲು ಬರುವುದಿಲ್ಲ. ಸಭೆ ಮುಗಿದ ಮೇಲೆ ಊಟ ಇರುತ್ತದೆ. ಬಿಸಿ ಸಾಸೇಜ್ ಸುತ್ತಿದ ಗಲೆಟ್ ರೊಟ್ಟಿ, ಸೇಬಿನ ಸೈಡರ್, ಬೆಣ್ಣೆ ಸುರಿಯುವ ಕೇಕು. ಎಲ್ಲರೂ ಅದಕ್ಕೆ ಬರುವುದು. ಅಧ್ಯಕ್ಷ ‘ಸಭೆ ಮುಗಿಯಿತು’ ಎನ್ನುವವರೆಗೆ ಊಟದ ಕೋಣೆಯ ಬಾಗಿಲು ತೆರೆಯುವುದಿಲ್ಲ. ಆದ್ದರಿಂದಲೇ ಎಲ್ಲ ಸರ್ವಾನುಮತ. ಒಂದು ವಿರೋಧ ಅಂದರೆ ಹತ್ತು ನಿಮಿಷ. ಹತ್ತು ನಿಮಿಷ ಅಂದರೆ ತಣ್ಣಗಾದ ಗಲೆಟ್. ಪ್ರಜಾಪ್ರಭುತ್ವವನ್ನು ರೊಟ್ಟಿಯಲ್ಲಿ ಸುತ್ತುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪ್ರಾಂತ್ಯದಿಂದ ಬಂದವನೊಬ್ಬ ಪರದೆಯ ಮೇಲೆ ಚಿತ್ರ ತೋರಿಸಿದ. ತಲೆಕೆಳಗಾದ ಗೋಪುರ. ಎಲ್ಲಕ್ಕಿಂತ ಮೇಲೆ, ಅಗಲವಾಗಿ, ಸದಸ್ಯರು. ಕೆಳಗೆ ಊರಿನ ಬ್ಯಾಂಕುಗಳು. ಅದರ ಕೆಳಗೆ ಪ್ರಾಂತ್ಯದವು. ತೀರಾ ತಳದಲ್ಲಿ, ಚೂಪಾದ ತುದಿಯಲ್ಲಿ, ಪ್ಯಾರಿಸ್.

“ಚಿತ್ರಾನ ಉಲ್ಟಾ ಹಿಡಿದಿದಾರೆ, ಯಾರಾದ್ರೂ ಹೇಳ್ರೇ,” ಎಂದಳು ಮರ್ಸೆಲಿನ್.

“ಇಲ್ಲಜ್ಜಿ, ಅದು ಹಂಗೇ. ನಾವೇ ಮೇಲಿರೋದು,” ಎಂದೆ.

“ಓಹೋ. ಅದಕ್ಕೇ ಇಷ್ಟು ಚಳಿ.”

ಅಧ್ಯಕ್ಷ ಗೋನಿಡೆಕ್ ಹಾಳೆ ಎತ್ತಿಕೊಂಡ. ಓದಿದ: “ಆರನೇ ನಿರ್ಣಯ. ಆಡಳಿತ ಮಂಡಳಿಗೆ ಹೊಸ ನಿರ್ದೇಶಕರು. ಶ್ರೀಮತಿ ಕೆಮೆನೂರ್, ಕೊರಂಟೀನ್ ಮಾರಿ. ವಿರೋಧ ಇದೆಯೆ ತಟಸ್ಥ ಇದ್ದೀರಾ ಸರ್ವಾನುಮತ. ಅಭಿನಂದನೆಗಳು. ಏಳನೇ ನಿರ್ಣಯ.”

ಮುಗಿಯಿತು. ನಾಲ್ಕು ತಿಂಗಳು ಬಾಗಿಲು ಬಡಿದರೂ ಏನೂ ಆಗಿರಲಿಲ್ಲ. ಈಗ ಒಂದು ಉಸಿರಿನಲ್ಲಿ ನಾನು ಬ್ಯಾಂಕಿನ ನಿರ್ದೇಶಕಿಯಾದೆ. ನನಗೆ ನಗು ಬರಲಿಲ್ಲ. ಇಷ್ಟು ಸುಲಭವಾಗಿ, ಇಷ್ಟು ಕಿವುಡಾಗಿ ಕೊಡುವವರು ಒಂದು ಸಾಲು ಬರೆದು ಕೊಡಲಿಲ್ಲವಲ್ಲ.

ಕೊನೆಗೆ ಒಂದು ಪದ್ಧತಿ ಇದೆ. ಹೊಸ ನಿರ್ದೇಶಕರು ವೇದಿಕೆಗೆ ಹೋಗಬೇಕು, ಪತ್ರಿಕೆಗೆ ಫೋಟೋ, ಮೈಕಿನಲ್ಲಿ ಎರಡು ಮಾತು. ‘ಸೇವೆಗೆ ಅವಕಾಶ ಸಿಕ್ಕಿದ್ದು ಸಂತೋಷ’ ಅಂದರೆ ಸಾಕು, ಆಮೇಲೆ ಊಟ.

“ಶ್ರೀಮತಿ ಕೆಮೆನೂರ್ ದಯವಿಟ್ಟು ಬರಬೇಕು!” ಗೋನಿಡೆಕ್ ಮುಂದಿನ ಸಾಲು ನೋಡಿದ. ಅಲ್ಲಿ ಕೋಟು ಹಾಕಿದ ಹೆಂಗಸರಿದ್ದರು. ಯಾರೂ ಏಳಲಿಲ್ಲ. ಹಿಂದಿನಿಂದ ನಾನು ನಡೆದೆ. ಮೆಟ್ಟಿಲು ಹತ್ತಿದೆ. ಬರ್ತೆಲೋ ಎದ್ದು ಬಂದು ಕಿವಿಯ ಹತ್ತಿರ ಮೆತ್ತಗೆ ಹೇಳಿದ: “ಟೀನ್, ಈಗ ಬೇಡ, ಆಮೇಲೆ ಗುಡಿಸಿದ್ರಾಯ್ತು.”

“ಗುಡಿಸೋಕೆ ಬಂದಿಲ್ಲ. ಕೆಮೆನೂರ್ ನಾನೇ.”

ಅವನ ಮುಖ ನಾನು ಮರೆಯುವುದಿಲ್ಲ. ಬಾಯಿ ನಗುತ್ತಲೇ ಇತ್ತು, ಅದಕ್ಕೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಫೋಟೋದವನು ಕ್ಲಿಕ್ ಮಾಡಿದ. ಗೋನಿಡೆಕ್ ಏನು ಮಾಡುವುದು ಗೊತ್ತಾಗದೆ, ಅಭ್ಯಾಸಬಲದಿಂದ ಮೈಕು ಕೊಟ್ಟ.

ಮೈಕು ನಾನು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಎರಡು ಮಾತು ಹೇಳು ಅಂದ್ರು. ಒಂದೇ ಹೇಳ್ತೀನಿ. ನವೆಂಬರ್ ಒಂಬತ್ತು, ಬೆಳಿಗ್ಗೆ ಆರು ಐವತ್ತು. ಬ್ಯಾಂಕಿನ ಮೆಟ್ಟಿಲು ಒರೆಸ್ತಾ ಇದ್ದ ಹೆಂಗಸು ಬಿದ್ದಳು. ಬಲಗೈ ಹೋಯ್ತು. ಕಂಪನಿಯವ್ರು ಅವಳು ಆಗ ಕೆಲಸದಲ್ಲಿ ಇರ್ಲೇ ಇಲ್ಲ ಅಂತಾರೆ. ನಮ್ಮ ಮ್ಯಾನೇಜರ್ ಕ್ಯಾಮೆರಾದಲ್ಲಿ ನೋಡಿದಾರೆ. ಬರೆದು ಕೊಡಿ ಅಂದ್ರೆ ಪ್ರಾಂತ್ಯ ಅಂದ್ರು. ಪ್ರಾಂತ್ಯದವ್ರು ಪ್ಯಾರಿಸ್ ಅಂದ್ರು. ಪ್ಯಾರಿಸ್‌ನವ್ರು ಸದಸ್ಯರನ್ನ ಕೇಳು ಅಂದ್ರು. ಸದಸ್ಯರು ಇಲ್ಲಿದೀರಿ. ಕೇಳ್ತಿದೀನಿ. ಬರೆದು ಕೊಡಬೇಕಾ, ಬೇಡವಾ?”

ಗೋನಿಡೆಕ್ ಮೈಕಿಗೆ ಕೈ ಚಾಚಿದ. “ಮದಾಮ್, ಇದು ಕಾರ್ಯಸೂಚಿಯಲ್ಲಿ ಇಲ್ಲ. ಸಭೆ ಮುಗಿಸ್ತೀನಿ...”

“ನಾನು ಮೈಕು ಕೊಡಲ್ಲ. ಇದಿಲ್ದೆ ನೀವು ಮುಗಿಸಕ್ಕಾಗಲ್ಲ. ನೀವು ಮುಗಿಸದೆ ಆ ಬಾಗಿಲು ತೆಗೆಯಲ್ಲ.”

ಊಟದ ಕೋಣೆಯಿಂದ ಸಾಸೇಜಿನ ವಾಸನೆ ಬರುತ್ತಿತ್ತು. ಮುನ್ನೂರು ಮೂಗು ಆ ಕಡೆ ತಿರುಗಿದವು. ಕೋಟಿನವರು ಗೊಣಗಿದರು. “ಇಳಿಸಿ ಅವಳನ್ನ,” ಎಂದ ಟ್ರ್ಯಾಕ್ಟರ್ ಮಾರುವವನು. “ಕೊಟ್ಟು ಬಿಡಿ ಮಾರಾಯ್ರೇ, ಒಂದು ಕಾಗದ ತಾನೆ!” ಎಂದ ಇನ್ನೊಬ್ಬ. ನ್ಯಾಯ ಎಂದು ಅವನು ಹೇಳಲಿಲ್ಲ. ಹಸಿವು ಹಾಗೆ ಹೇಳಿಸಿತು. ನನಗೆ ಅಷ್ಟೇ ಸಾಕಿತ್ತು.

ಮರ್ಸೆಲಿನ್ ಹಳದಿ ಚೀಟಿ ಎತ್ತಿದಳು. ಕೋಲಿನ ತುದಿಗೆ ಚುಚ್ಚಿ ಎತ್ತಿದಳು. ಅವಳ ಪಕ್ಕದ ಬಂದರಿನ ಹೆಂಗಸರು ಎತ್ತಿದರು. ಆಮೇಲೆ ಹಿಂದಿನ ಸಾಲು, ಆಮೇಲೆ ನಡುವೆ ಅಲ್ಲಲ್ಲಿ. ಆ ಭವನದಲ್ಲಿ ಚೀಟಿ ನಿಜವಾಗಿ ಗಾಳಿಗೆ ಬಂದದ್ದು ಅದೇ ಮೊದಲು ಇರಬೇಕು.

ಬರ್ತೆಲೋ ಹಣೆ ಒರೆಸಿಕೊಂಡ. ಜೇಬಿನಿಂದ ಪೆನ್ನು ತೆಗೆದ, ಬರೆದುಕೊಳ್ಳುವವನ ಹಾಗೆ. “ಆಗಲಿ, ಆಗಲಿ. ಕೊಡ್ತೀವಿ. ಆ ಕೆಲಸದವರ ಹೆಸರು ಏನು?”

ನನ್ನ ಕೈಯ ಮೈಕು ಅವನ ಬಾಯಿಯ ಹತ್ತಿರವೇ ಇತ್ತು. ಇಡೀ ಭವನ ಕೇಳಿತು. ಹನ್ನೊಂದು ವರ್ಷ ಅವನ ಮೇಜು ಒರೆಸಿದವಳ ಹೆಸರು ಅವನು ಕೇಳುತ್ತಿದ್ದ.

ನಾನು ಹೇಳಲಿಲ್ಲ. ಮೈಕನ್ನು ಸಭೆಯ ಕಡೆ ತಿರುಗಿಸಿದೆ.

“ಅನಿಕ್!” ಹಿಂದಿನಿಂದ ಮರ್ಸೆಲಿನ್ ಕಿರುಚಿದಳು. “ಅನಿಕ್ ಮಾರ್ಗರೀತ್ ಕೆರ್ಲೊಕ್! ಬರ್ಕೊಳ್ಳೋ! ಕೆರ್ಲೊಕ್!” ಬಂದರಿನ ಹೆಂಗಸರೆಲ್ಲ ಕೂಗಿದರು. ಅವನು ಬರೆದುಕೊಂಡ. ಕೈಯಲ್ಲಿ ಕಾಗದ ಇರಲಿಲ್ಲ, ಅಂಗೈ ಮೇಲೇ ಬರೆದುಕೊಂಡ.

“ಸೋಮವಾರ ಕೊಡ್ತೀನಿ.”

“ಯಾವ ಸೋಮವಾರ?” ಮರ್ಸೆಲಿನ್.

“ಈ ಸೋಮವಾರ.”

ಮೈಕು ಕೊಟ್ಟೆ. ಬಾಗಿಲು ತೆರೆಯಿತು. ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಐದು ನಿಮಿಷದಲ್ಲಿ ಎಲ್ಲರ ಬಾಯಿ ತುಂಬಿತ್ತು. ಅನಿಕ್‌ಳ ಹೆಸರಿಗೆ ಅಲ್ಲಿ ಜಾಗ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಆರೂಕಾಲಿಗೆ ಬರ್ತೆಲೋ ಬಂದ. ಅವನು ಆ ಹೊತ್ತಿಗೆ ಬ್ಯಾಂಕು ಕಂಡವನಲ್ಲ. ನಾನು ಕೌಂಟರಿನ ಮುಂದೆ ನೆಲ ಒರೆಸುತ್ತಿದ್ದೆ. ಅವನ ಕೈಯಲ್ಲಿ ಎರಡು ಕಾಗದ.

“ನಮಸ್ಕಾರ ಮದಾಮ್... ಕೆಮೆನೂರ್.”

“ಹೇಳಿ.”

“ಇದು ನಿಮ್ಮ ಗೆಳತಿಯ ಕಾಗದ. ಸಹಿ ಹಾಕಿದೀನಿ. ಆರು ಐವತ್ತು, ಮೆಟ್ಟಿಲು, ಕೆಲಸ, ಎಲ್ಲಾ ಇದೆ. ಇನ್ನೊಂದು ನಿಮ್ಮದು. ಮಂಡಳಿ ಸಭೆ ಅಂದ್ರೆ ಭಾಳ ಕಷ್ಟದ ವಿಷಯ, ಅಂಕಿ ಅಂಶ, ನಿಮ್ಗೇ ಸುಮ್ನೆ ಮುಜುಗರ. ಇಲ್ಲಿ ಒಂದು ಸಹಿ ಹಾಕಿಬಿಡಿ. ಇದನ್ನ ತೊಗೊಂಡು ಹೋಗಿ.”

ಎರಡನೆಯ ಕಾಗದ ಕೈಗೆ ತೆಗೆದುಕೊಂಡೆ. ಅದು ರಾಜೀನಾಮೆ. ನಾನು ನಿಧಾನಕ್ಕೆ ಓದುವವಳು. ಬೆರಳಿಟ್ಟು ಓದಿದೆ. ಅವನು ಒದ್ದೆ ನೆಲದ ಮೇಲೆ ನಿಂತಿದ್ದ. ಒಂದು ಕಾಲು ಎತ್ತಿ ಇನ್ನೊಂದು ಕಾಲು ಇಟ್ಟ.

“ಇದ್ರಲ್ಲಿ ತಪ್ಪಿದೆ.”

“ಎಲ್ಲಿ?”

“ಸ್ವಂತ ಇಚ್ಛೆಯಿಂದ ಅಂತ ಬರೆದಿದೆ.”

“ಅದು ಬರೆಯೋ ರೀತಿ ಮದಾಮ್.”

“ನಿಮ್ಮ ರೀತಿ. ಅನಿಕ್‌ಗೂ ಹಂಗೇ ಬರೆದಿದ್ರು. ಸ್ವಂತ ಕಾರಣ. ನಮಗೆ ಸ್ವಂತದ್ದು ಅಂತ ಏನಿರತ್ತೋ ಅದೆಲ್ಲ ನೀವೇ ಬರೆದುಕೊಟ್ಟಿದ್ದು.”

ನಾನು ಸಹಿ ಹಾಕಲಿಲ್ಲ. ಕಾಗದ ಮಡಚಿ ಅವನ ಕೈಗೇ ಕೊಟ್ಟೆ.

“ಹಾಗಾದ್ರೆ ಇನ್ನೊಂದನ್ನೂ ಕೊಡೋಕಾಗಲ್ಲ,” ಎಂದ. ದನಿ ಇನ್ನೂ ನಯವಾಗಿಯೇ ಇತ್ತು.

“ಕೊಡಬೇಡಿ. ಇಪ್ಪತ್ನಾಲ್ಕಕ್ಕೆ ಮಂಡಳಿ ಸಭೆ. ಕೇಳ್ತೀನಿ. ಮುಂದಿನ ತಿಂಗಳು ಕೇಳ್ತೀನಿ. ಮುಂದಿನ ವರ್ಷ ಮಹಾಸಭೇಲಿ ಕೇಳ್ತೀನಿ, ಊಟಕ್ಕೆ ಮುಂಚೆ. ನಂಗೆ ಅವಸರ ಇಲ್ಲ. ನಾನು ಎಪ್ಪತ್ತೊಂಬತ್ತು ವರ್ಷ ಬದುಕಿದ ಅವ್ವನ ಮಗಳು.”

ಅವನು ನನ್ನನ್ನೇ ನೋಡಿದ. ಬಹುಶಃ ಮುಂದಿನ ವರ್ಷದ ಗಲೆಟ್‌ಗಳನ್ನು ನೋಡಿದ. ಮೊದಲ ಕಾಗದವನ್ನು ಕೌಂಟರಿನ ಮೇಲೆ ಇಟ್ಟು, ತನ್ನ ಕೋಣೆಗೆ ಹೋದ. ಧೈರ್ಯ ಅಲ್ಲ, ದಯೆ ಅಲ್ಲ, ನಾಚಿಕೆ ಕೂಡ ಅಲ್ಲ. ತೊಂದರೆ ಬೇಡ ಎಂಬ ಒಂದೇ ಕಾರಣಕ್ಕೆ ಅವರು ಒಬ್ಬ ಹೆಂಗಸಿನ ಕೈಯನ್ನು ನಾಲ್ಕು ತಿಂಗಳು ಹಿಡಿದಿಟ್ಟಿದ್ದರು. ಅದೇ ಕಾರಣಕ್ಕೆ ಬಿಟ್ಟರು.

ಮಧ್ಯಾಹ್ನ ಅನಿಕ್‌ಳ ಮನೆಗೆ ಹೋದೆ. ಅವಳು ಕಿಟಕಿಯ ಹತ್ತಿರ ಹಾಸಿದ ತಗ್ಗು ಮಂಚದಲ್ಲಿ ಕೂತಿದ್ದಳು. ತಾನಾಗಿ ಏಳಲು ಅವಳಿಗೆ ಇನ್ನೂ ಆಗುತ್ತಿರಲಿಲ್ಲ. ಒಂದು ಕೈಯಲ್ಲಿ ಆಲೂಗಡ್ಡೆ ಸುಲಿಯುವುದನ್ನು ಕಲಿಯುತ್ತಿದ್ದಳು. ಆಲೂಗಡ್ಡೆ ಉರುಳಿ ಉರುಳಿ ಹೋಗುತ್ತಿತ್ತು.

“ಏನಂತೆ ಆ ಕೂದಲಿನವನು?”

“ಕೊಟ್ಟ.”

“ನಿನ್ನನ್ನ ಸುಮ್ನೆ ಬಿಡ್ತಾರಾ?”

“ಎಲ್ಲಿ ಬಿಡ್ತಾರೆ. ಕಂಪನಿಯಿಂದ ಆಗ್ಲೇ ಫೋನು ಬಂತು. ನಾಳೆಯಿಂದ ಬ್ಯಾಂಕಲ್ಲ, ಮೀನು ಹರಾಜಿನ ಕಟ್ಟೆ ತೊಳೆಯೋದು. ಬೆಳಿಗ್ಗೆ ನಾಲ್ಕಕ್ಕೆ.”

“ಥೂ ಅವರ.”

“ಮಂಡಳಿಯಿಂದ ಮಾತ್ರ ಮೂರು ವರ್ಷ ಕಿತ್ತುಹಾಕೋಕಾಗಲ್ಲ. ಸಭೆಗೆ ಮೀನಿನ ವಾಸನೆ ಜೊತೆ ಹೋಗ್ತೀನಿ.”

“ಓದೇ,” ಎಂದಳು. “ಜೋರಾಗಿ ಓದು.”

ಓದಿದೆ. ನವೆಂಬರ್ ಒಂಬತ್ತರಂದು ಬೆಳಿಗ್ಗೆ ಆರು ಐವತ್ತಕ್ಕೆ ಅನಿಕ್ ಮಾರ್ಗರೀತ್ ಕೆರ್ಲೊಕ್ ಎಂಬವರು ಬ್ಯಾಂಕಿನ ಮೆಟ್ಟಿಲುಗಳನ್ನು ಶುಚಿ ಮಾಡುತ್ತಿದ್ದಾಗ ಬಿದ್ದರು. ಇಷ್ಟೇ. ಎರಡು ಸಾಲು ಕೂಡ ತುಂಬಲಿಲ್ಲ.

ಅನಿಕ್ ಚಾಕು ಕೆಳಗಿಟ್ಟಳು.

“ಅಂದ್ರೆ ನಾನು ಬಿದ್ದಿದ್ದು ನಿಜ ಅಂತಾಯ್ತು.”

“ಆಯ್ತು. ಬ್ಯಾಂಕು ಒಪ್ಪಿದೆ.”

“ಇಷ್ಟು ದಿನ ಗಾಳೀಲೇ ಇದ್ದೆ ನೋಡು. ಇವತ್ತು ನೆಲ ಸಿಕ್ತು.” ಅವಳು ಎಡಗೈ ಚಾಚಿದಳು. “ಸರಿ. ಈಗ ಎಬ್ಬಿಸು.”